ಟೈಮಿಂಗ್ ಬೆಲ್ಟ್ ಕಿತ್ತೋಗಿ ಇಂಜಿನ್ ಸ್ಟಾರ್ಟ್ ಆಗ್ತಿಲ್ವಾ? ಹೆಡ್ ಇಳಿಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಓಡ್ತಿದ್ದ ಕಾರು ಏಕಾಏಕಿ ಆಫ್ ಆಗತ್ತೆ, ಬ್ಯಾಟರಿ ಲೈಟು ಆಯಿಲ್ ಲೈಟು ಎರಡೂ ಹತ್ಕೊಳ್ಳತ್ತೆ, ಸೈಡಿಗೆ ಹಾಕಿ ಸೆಲ್ಫ್ ಹೊಡೆದ್ರೆ ಇಂಜಿನ್ ತಿರುಗತ್ತೆ ಆದ್ರೆ ಹಿಡ್ಕೊಳ್ಳಲ್ಲ. ಕಾರಣ ಹತ್ತಾರು ಇರ್ಬಹುದು, ಪೆಟ್ರೋಲ್ ಪಂಪ್ ಹೋಗಿರ್ಬಹುದು, ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟಿರ್ಬಹುದು, ಆದ್ರೆ ನಿಮ್ಮದು ಬೆಲ್ಟ್ ಇರೋ ಇಂಜಿನ್ ಆಗಿದ್ದು ಅದನ್ನ ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತಾನೇ ನೆನಪಿಲ್ಲ ಅಂದ್ರೆ ಟೈಮಿಂಗ್ ಬೆಲ್ಟನ್ನೇ ಮೊದಲು ಅನುಮಾನ ಪಡಿ.

ಇಲ್ಲಿಂದ ಮುಂದೆ ಗ್ಯಾರೇಜಲ್ಲಿ ಸಾಮಾನ್ಯವಾಗಿ ಎರಡು ತರ ನಡೆಯತ್ತೆ. ಒಬ್ಬರು ಬಾನೆಟ್ ಎತ್ತಿದ ಕೂಡ್ಲೇ "ವಾಲ್ವ್ ಎಲ್ಲಾ ಬೆಂಡ್ ಆಗಿರತ್ತೆ ಸಾರ್, ಹೆಡ್ ಇಳಿಸ್ಬೇಕು" ಅಂತಾರೆ (ವಾಲ್ವ್ ಅಂದ್ರೆ ಸಿಲಿಂಡರಿಗೆ ಗಾಳಿ ಹೋಗಿ ಹೊಗೆ ಬರೋ ಬಾಗಿಲು, ಹೆಡ್ ಅಂದ್ರೆ ಅವು ಕೂತಿರೋ ಇಂಜಿನ್ನಿನ ಮೇಲ್ಭಾಗ). ಇನ್ನೊಬ್ಬರು "ಏನೂ ಆಗಿರಲ್ಲ ಬಿಡಿ" ಅಂತ ಹೊಸ ಬೆಲ್ಟ್ ಹಾಕಿ ಸೀದಾ ಸೆಲ್ಫ್ ಹೊಡೆದು ನೋಡ್ತಾರೆ. ಮೊದಲನೆಯವ್ರು ಹೇಳಿದ್ದು ನಿಜ ಆಗೋ ಸಾಧ್ಯತೆನೇ ಜಾಸ್ತಿ, ಆದ್ರೂ ನೋಡದೆ ಹೇಳಿದ್ರೆ ಅದು ಊಹೆನೇ. ಎರಡನೆಯವ್ರು ಆಡ್ತಿರೋದು ಜೂಜು, ದುಡ್ಡು ಮಾತ್ರ ನಿಮ್ದು. ಈ ಎರಡರ ಮಧ್ಯೆ ಅರ್ಧ ದಿನದಲ್ಲಿ ಮುಗಿಯೋ ಕೆಲವು ಟೆಸ್ಟುಗಳಿವೆ, ಅವನ್ನ ಸರಿಯಾದ ಆರ್ಡರಲ್ಲಿ ಮಾಡಿದ್ರೆ ಹೆಡ್ ಇಳಿಸ್ಬೇಕೋ ಬೇಡ್ವೋ ಅನ್ನೋದು ಕಣ್ಣೆದುರಿಗೇ ಗೊತ್ತಾಗತ್ತೆ. ಸ್ವಂತ ಸ್ಪ್ಯಾನರ್ ಹಿಡಿಯೋವ್ರಿಗೂ ಇದು ಆಗತ್ತೆ, ಮೆಕ್ಯಾನಿಕ್ ಪಕ್ಕ ನಿಂತ್ಕೊಂಡು ಪ್ರಶ್ನೆ ಕೇಳೋವ್ರಿಗೂ ಆಗತ್ತೆ.

ಮೊದಲು ಕೀ ಬಿಡಿ

ಅನುಮಾನ ಬಂದ ತಕ್ಷಣ ಸೆಲ್ಫ್ ಹೊಡೆಯೋದು ನಿಲ್ಸಿ. ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡ್ವೇ ಬೇಡ. ನಮ್ಮಲ್ಲಿ ಕಾರು ನಿಂತ್ರೆ ನಾಲ್ಕು ಜನ ಸೇರಿ "ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಡಣ್ಣ" ಅಂತ ಪ್ರೀತಿಯಿಂದ ತಳ್ಳೋಕೆ ಶುರು ಮಾಡ್ತಾರೆ, ಅವ್ರಿಗೆ ಥ್ಯಾಂಕ್ಸ್ ಹೇಳಿ ರಸ್ತೆ ಪಕ್ಕಕ್ಕೆ ನ್ಯೂಟ್ರಲ್‌ನಲ್ಲಿ ತಳ್ಳಿಸ್ಕೊಳ್ಳಿ, ಅಷ್ಟು ಸಾಕು. ಬೆಲ್ಟ್ ಕಿತ್ತೋದಾಗ ಒಂದೆರಡು ವಾಲ್ವ್ ಮಾತ್ರ ಹೋಗಿದ್ರೆ ನೀವು ಆಮೇಲೆ ಹೊಡೆಯೋ ಒಂದೊಂದು ಸೆಲ್ಫೂ ಉಳಿದಿದ್ದನ್ನ ಬಗ್ಗಿಸ್ಬಹುದು.

ಘಾಟಿಯಲ್ಲಿ, ಅಂದ್ರೆ ಶಿರಾಡಿ ಚಾರ್ಮಾಡಿ ತರ ಜಾಗದಲ್ಲಿ ಇಳಿತಾ ಇದ್ದಾಗ ಆಫ್ ಆದ್ರೆ ಇಂಜಿನ್ ಬಗ್ಗೆ ಆಮೇಲೆ ಯೋಚನೆ ಮಾಡಿ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಬ್ರೇಕಿನ ಬೂಸ್ಟರಲ್ಲಿ ಒಂದೆರಡು ಸಲ ಒತ್ತೋಷ್ಟು ವ್ಯಾಕ್ಯೂಮ್ ಉಳಿದಿರತ್ತೆ, ಅದನ್ನ ಪಂಪ್ ಮಾಡಿ ಹಾಳು ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡೀರಿ, ಸ್ಟೇರಿಂಗ್ ಗಟ್ಟಿಯಾಗತ್ತೆ ಆದ್ರೆ ತಿರುಗತ್ತೆ, ಕೀ ಮಾತ್ರ ಪೂರ್ತಿ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗ್ಬಿಡತ್ತೆ. ನ್ಯಾಷನಲ್ ಹೈವೇ ಆದ್ರೆ 1033ಕ್ಕೆ ಫೋನ್ ಮಾಡಿ. ಟೋಯಿಂಗ್ ಮಾಡಿಸೋವಾಗ ಫ್ಲ್ಯಾಟ್‌ಬೆಡ್ ಸಿಕ್ಕಿದ್ರೆ ಒಳ್ಳೇದು, ಹಗ್ಗ ಕಟ್ಟಿ ಎಳೆದ್ರೆ ಗೇರ್ ನ್ಯೂಟ್ರಲ್‌ನಲ್ಲೇ ಇರ್ಲಿ.

ನಿಮ್ಮ ಇಂಜಿನ್ನಲ್ಲಿ ಬೆಲ್ಟ್ ಇದ್ಯಾ, ಚೈನ್ ಇದ್ಯಾ

ಇದು ಗೊತ್ತಿಲ್ದೆ ಮುಂದಕ್ಕೆ ಹೋಗೋದ್ರಲ್ಲಿ ಅರ್ಥ ಇಲ್ಲ. ಹಳೇ ಮಾರುತಿ 800, ಸ್ಯಾಂಟ್ರೋ ಕ್ಸಿಂಗ್, ಇಂಡಿಕಾ 1.4 ಡೀಸೆಲ್, ಡಸ್ಟರ್ 1.5 ಡೀಸೆಲ್, ಪೋಲೋ ವೆಂಟೋ ಡೀಸೆಲ್, ಹಳೇ 2.5 ಇನ್ನೋವಾ, ಇವೆಲ್ಲ ಬೆಲ್ಟು. ಸ್ವಿಫ್ಟಿನ ಕೆ ಸೀರೀಸ್ ಪೆಟ್ರೋಲ್, ಫಿಯಟ್ ಮೂಲದ 1.3 ಡೀಸೆಲ್, ಹ್ಯುಂಡೈ 1.2 ಕಪ್ಪಾ, ಇವು ಚೈನು. ಒಂದೇ ಹೆಸರಿನ ಕಾರಲ್ಲಿ ಎರಡೂ ಇರತ್ತೆ, ಹಳೇ ಐ10ನಲ್ಲಿ 1.1 ಇಂಜಿನ್ ಬೆಲ್ಟು, 1.2 ಕಪ್ಪಾ ಚೈನು, ಹಾಗಾಗಿ ಕಾರಿನ ಹೆಸರಲ್ಲ, ಇಂಜಿನ್ ಯಾವುದು ಅಂತ ನೋಡಿ. ಇಕೋಸ್ಪೋರ್ಟಿನ 1.0 ಇಕೋಬೂಸ್ಟಲ್ಲಿ ಬೆಲ್ಟೇ ಆಯಿಲ್ ಒಳಗೆ ಓಡತ್ತೆ, ಅದು ಸವೆದ್ರೆ ಪುಡಿಯೆಲ್ಲ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರತ್ತೆ, ಅದರ ಕತೆನೇ ಬೇರೆ.

ಬೆಲ್ಟ್ ಮಾಡೋ ಕೆಲಸ ಇಷ್ಟೇ: ಕೆಳಗಿರೋ ಕ್ರ್ಯಾಂಕ್ (ಪಿಸ್ಟನ್‌ಗಳ ಜತೆ ತಿರುಗೋ ಶಾಫ್ಟು) ಎರಡು ಸುತ್ತು ತಿರುಗಿದಾಗ ಮೇಲಿರೋ ಕ್ಯಾಮ್ (ವಾಲ್ವ್ ಒತ್ತಿ ತೆರೆಯೋ ಶಾಫ್ಟು) ಸರಿಯಾಗಿ ಒಂದು ಸುತ್ತು ತಿರುಗ್ಬೇಕು, ಆ ಲೆಕ್ಕ ತಪ್ಪಬಾರ್ದು. ಬೆಲ್ಟ್ ಕಿತ್ತ ಕ್ಷಣ ಕ್ಯಾಮ್ ಇದ್ದಲ್ಲೇ ನಿಲ್ಲತ್ತೆ, ಕೆಲವು ವಾಲ್ವ್ ತೆರೆದೇ ಇರ್ತವೆ, ಕ್ರ್ಯಾಂಕ್ ಮಾತ್ರ ಕಾರಿನ ವೇಗಕ್ಕೆ ಇನ್ನೂ ತಿರುಗ್ತಾನೇ ಇರತ್ತೆ. 3000 ಆರ್‌ಪಿಎಂ ಅಂದ್ರೆ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 50 ಸಲ ಮೇಲೆ ಬರತ್ತೆ. ಪಿಸ್ಟನ್ ಮೇಲೆ ಬಂದಾಗ ತೆರೆದ ವಾಲ್ವಿಗೆ ತಾಗೋ ಹಾಗೆ ಇರೋ ಡಿಸೈನಿಗೆ ಇಂಟರ್‌ಫಿಯರೆನ್ಸ್ ಇಂಜಿನ್ ಅಂತಾರೆ. ಡೀಸೆಲ್ ಇಂಜಿನ್ನಲ್ಲಿ ಕಂಪ್ರೆಷನ್ ರೇಶಿಯೋ ಜಾಸ್ತಿ, ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ಕೂದಲೆಳೆ ಜಾಗ, ಹಾಗಾಗಿ ಡೀಸೆಲ್ ಅಂದ್ರೆ ತಾಗಿದೆ ಅಂತಾನೇ ಹೊರಡಿ. ಪೆಟ್ರೋಲಲ್ಲಿ ಎರಡೂ ತರ ಇದೆ. "ಈ ಇಂಜಿನ್ನಿಗೆ ಏನೂ ಆಗಲ್ಲ" ಅಂತ ಯಾರೋ ಹೇಳಿದ್ರು ಅಂತ ನಂಬ್ಕೊಂಡು ಟೆಸ್ಟ್ ಬಿಡಬೇಡಿ.

ಸೆಲ್ಫಿನ ಸದ್ದು ಏನ್ ಹೇಳತ್ತೆ

ಇನ್ನೂ ಸೆಲ್ಫ್ ಹೊಡೆದೇ ಇಲ್ಲ ಅಂದ್ರೆ ಒಂದೇ ಒಂದು ಸಲ, ಎರಡು ಸೆಕೆಂಡ್ ಹೊಡೆದು ಕೇಳೋದಕ್ಕೆ ಅಡ್ಡಿಯಿಲ್ಲ, ಬಹುಶಃ ರೋಡಲ್ಲೇ ನೀವಿದನ್ನ ಮಾಡಿಯೇ ಇರ್ತೀರಿ, ಹಾಗಿದ್ರೆ ಆ ಸದ್ದನ್ನೇ ನೆನಪಿಸ್ಕೊಳ್ಳಿ. ಚೆನ್ನಾಗಿರೋ ಇಂಜಿನ್ ಸೆಲ್ಫಲ್ಲಿ ಒಂದು ತಾಳ ಇರತ್ತೆ, ಕುಂಯ್ ಕುಂಯ್ ಕುಂಯ್ ಅಂತ, ಒಂದೊಂದು ಸಿಲಿಂಡರ್ ಕಂಪ್ರೆಷನ್ನಿಗೆ ಬಂದಾಗ್ಲೂ ಮೋಟ್ರು ಸ್ವಲ್ಪ ತಿಣುಕತ್ತೆ. ಬೆಲ್ಟ್ ಹೋಗಿದ್ರೆ ಆ ತಿಣುಕಾಟ ಹೋಗಿ ಮೋಟ್ರು ಹಗುರಾಗಿ ಸುಯ್ಯಂತ ಓಡತ್ತೆ. ಪಕ್ಕಾ ಸಾಕ್ಷಿ ಅಲ್ಲ, ಆದ್ರೆ ಕೇಳಿ ಅಭ್ಯಾಸ ಇರೋವ್ರು ಅಷ್ಟರಲ್ಲೇ ಹೇಳ್ಬಿಡ್ತಾರೆ.

ತಾಳ ಸರಿಯಾಗೇ ಇದೆ, ಆದ್ರೂ ಹಿಡ್ಕೊಳ್ತಿಲ್ಲ ಅಂದ್ರೆ ಪೆಟ್ರೋಲ್, ಸ್ಪಾರ್ಕ್, ಇಮ್ಮೊಬಿಲೈಸರ್ (ಸರಿಯಾದ ಕೀ ಅಂತ ಗೊತ್ತಾಗದಿದ್ರೆ ಸ್ಟಾರ್ಟ್ ಆಗೋಕೆ ಬಿಡದ ಸಾಧನ) ಕಡೆ ನೋಡಿ, ಡ್ಯಾಶಲ್ಲಿ ಕೀ ಚಿತ್ರದ ಲೈಟು ಮಿಣುಕ್ತಿದ್ರೆ ಅದೇ ಕಾರಣ ಇರ್ಬಹುದು. ಸೆಲ್ಫ್ ಹೊಡೆದ್ರೆ ಟಕ್ ಅಂತ ನಿಂತೋಗ್ತಿದ್ರೆ, ಅಥವಾ ಒಳಗೆ ಲೋಹ ಲೋಹಕ್ಕೆ ಬಡಿಯೋ ಸದ್ದು ಬಂದ್ರೆ, ಅಲ್ಲಿಗೇ ಕೈ ತೆಗೀರಿ.

ಸ್ಕ್ಯಾನರ್ ಇದ್ರೆ ಹಾಕಿ ನೋಡಿ. ಕ್ರ್ಯಾಂಕ್ ತಿರುಗ್ತಿದೆ, ಕ್ಯಾಮಿಂದ ಸಿಗ್ನಲ್ ಬರ್ತಿಲ್ಲ ಅಂತ ಇಸಿಯುಗೆ, ಅಂದ್ರೆ ಇಂಜಿನ್ನಿನ ಕಂಪ್ಯೂಟರಿಗೆ ಕಂಡ್ರೆ ಪಿ 0340 ಅನ್ನೋ ಎರರ್ ಕೋಡ್ ಬರತ್ತೆ, ಎರಡೂ ಬರ್ತಿವೆ ಆದ್ರೆ ತಾಳೆ ಆಗ್ತಿಲ್ಲ ಅಂದ್ರೆ ಪಿ 0016. ಪಿ 0340 ಬಂತು ಅಂತ ಕ್ಯಾಮ್ ಸೆನ್ಸರ್ ಹೊಸದು ತಂದು ಹಾಕಿ ದುಡ್ಡು ಕಳ್ಕೊಂಡೋರು ಬಹಳ ಜನ, ಸೆನ್ಸರ್ ಸರಿಯಾಗೇ ಹೇಳ್ತಿದೆ, ಕ್ಯಾಮೇ ತಿರುಗ್ತಿಲ್ಲ.

ಕಣ್ಣಲ್ಲಿ ನೋಡಿ ಖಚಿತ ಮಾಡ್ಕೊಳ್ಳೋದು

ಇಂಜಿನ್ ಆಯಿಲ್ ಹಾಕೋ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಎಷ್ಟೋ ಇಂಜಿನ್ನಲ್ಲಿ ಅಲ್ಲಿಂದಾನೇ ಕ್ಯಾಮಿನ ಉಬ್ಬೋ, ವಾಲ್ವ್ ಒತ್ತೋ ರಾಕರ್ರೋ ಕಾಣತ್ತೆ. ಇಂಜೆಕ್ಟರ್ ಅಥವಾ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ನಿಧಾನಕ್ಕೆ ಒಂಚೂರು ತಿರುಗಿಸಿ, ಇನ್ನೊಬ್ಬರು ಮೇಲಿಂದ ನೋಡ್ತಿರ್ಲಿ. ಕೆಳಗೆ ತಿರುಗ್ತಿದೆ ಮೇಲೆ ಕ್ಯಾಮ್ ಅಲ್ಲಾಡ್ತಿಲ್ಲ ಅಂದ್ರೆ ಮುಗೀತು. ತಿರುಗಿಸೋವಾಗ ಗಟ್ಟಿ ಅನ್ಸಿದ್ರೆ ಬಲ ಹಾಕ್ಬೇಡಿ, ಪಿಸ್ಟನ್ ವಾಲ್ವಿಗೆ ತಾಗಿರ್ಬಹುದು, ಒಂಚೂರು ಹಿಂದಕ್ಕೆ ತಿರುಗಿಸಿ ಬಿಟ್ಬಿಡಿ. ಪುಲ್ಲಿ ಕಡೆಯಿಂದ ನೋಡಿದ್ರೆ ಬಹುಪಾಲು ಇಂಜಿನ್ ಗಡಿಯಾರದ ದಿಕ್ಕಲ್ಲಿ ತಿರುಗತ್ತೆ, ನಮ್ಮಲ್ಲಿ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿ ಇಂಜಿನ್ ತರದ ಕೆಲವು ಉಲ್ಟಾ.

ಮುಚ್ಚಳದಲ್ಲಿ ಏನೂ ಕಾಣಲ್ಲ, ತಗಡು ಅಡ್ಡ ಇದೆ ಅಂದ್ರೆ ಟೈಮಿಂಗ್ ಕವರಿನ ಮೇಲಿನ ಭಾಗ ಬಿಚ್ಚಿ, ಸಾಮಾನ್ಯವಾಗಿ 10ರ ಬೋಲ್ಟು ನಾಲ್ಕೈದು ಇರ್ತವೆ. ಬೆಲ್ಟ್ ತುಂಡಾಗಿ ಬಿದ್ದಿದ್ರೆ ವಾದನೇ ಇಲ್ಲ. ಆದ್ರೆ ಬೆಲ್ಟ್ ಮೇಲಿಂದ ನೋಡೋಕೆ ಚೆನ್ನಾಗೇ ಇದೆ ಅಂತ ಕವರ್ ಮುಚ್ಚಿ ಬೇರೆ ಕಡೆ ಹುಡುಕೋಕೆ ಹೋಗೋದು ಬಹಳ ಆಗತ್ತೆ, ಯಾಕಂದ್ರೆ ಬೆಲ್ಟಿನ ಹಲ್ಲು ಮೊದಲು ಕಿತ್ತೋಗೋದು ಕೆಳಗೆ ಕ್ರ್ಯಾಂಕಿನ ಚಿಕ್ಕ ಗೇರಿನ ಹತ್ರ, ಅದು ಮೇಲಿನ ಕವರ್ ತೆಗೆದ್ರೆ ಕಾಣಲ್ಲ, ಹಲ್ಲಿಲ್ಲದ ಬೆಲ್ಟ್ ಅಲ್ಲೇ ಜಾರ್ತಾ ಇರತ್ತೆ. ಬೆರಳಲ್ಲಿ ಬೆಲ್ಟನ್ನ ಒತ್ತಿ ಎಳೆದು ನೋಡಿ, ಸಡಿಲ ಇದ್ಯಾ, ಆಯಿಲ್ ಅಂಟಿದ್ಯಾ, ಅಂಚು ನೂಲು ಬಿಟ್ಟಿದ್ಯಾ, ಪೂರ್ತಿ ಒಂದು ಸುತ್ತು ಎಲ್ಲಾ ಹಲ್ಲೂ ಇದ್ಯಾ.

ಯಾಕೆ ಕಿತ್ತೋಯ್ತು ಅನ್ನೋದನ್ನ ಬಿಡಬೇಡಿ

ಇದು ನನ್ನ ಪ್ರಕಾರ ಜನ ಅತಿ ಹೆಚ್ಚು ಹಾರಿಸೋ ಸ್ಟೆಪ್ಪು. ಬೆಲ್ಟ್ ವಯಸ್ಸಾಗಿ ಹೋಗಿದ್ರೆ ಸರಿ, ಮ್ಯಾನುವಲಲ್ಲಿ ಕಿಲೋಮೀಟರ್ ಜತೆ ವರ್ಷದ ಲೆಕ್ಕಾನೂ ಕೊಟ್ಟಿರ್ತಾರೆ, ಕಡಿಮೆ ಓಡಿದ ಕಾರಲ್ಲೂ ರಬ್ಬರ್ ಒಣಗತ್ತೆ. ಹಳೇ ಇನ್ನೋವಾದಲ್ಲಿ ಟಿ ಬೆಲ್ಟ್ ಅಂತ ಲೈಟೇ ಇದೆ, ಆದ್ರೆ ಅದು ಕಿಲೋಮೀಟರ್ ಎಣಿಸಿ ಹತ್ಕೊಳ್ಳತ್ತೆ ಅಷ್ಟೇ, ಬೆಲ್ಟ್ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಬೆಲ್ಟ್ ಬದಲಾಯಿಸದೆ ಬರೀ ಲೈಟ್ ರೀಸೆಟ್ ಮಾಡಿ ಯಾರಾದ್ರೂ ಗಾಡಿ ಮಾರಿರ್ಬಹುದು, ಸೆಕೆಂಡ್ ಹ್ಯಾಂಡ್ ತಗೊಂಡೋರು ಬಿಲ್ಲೇ ಕೇಳಿ.

ವಯಸ್ಸಾಗದೆ ಕಿತ್ತಿದ್ರೆ ಬೇರೆ ಏನೋ ಅದನ್ನ ಕೊಂದಿದೆ. ಟೆನ್ಷನರ್ (ಬೆಲ್ಟನ್ನ ಬಿಗಿ ಇಡೋ ಪುಲ್ಲಿ) ಮತ್ತೆ ಐಡ್ಲರ್ (ಬೆಲ್ಟನ್ನ ಅದರ ದಾರೀಲಿ ಇಡೋ ಪುಲ್ಲಿ) ಬೇರಿಂಗನ್ನ ಕೈಯಲ್ಲಿ ತಿರುಗಿಸಿ, ಗರಗರ ಅಂದ್ರೆ ಅಥವಾ ಹಿಡ್ಕೊಂಡಿದ್ರೆ ಸಿಕ್ಕಿಬಿತ್ತು. ಡಸ್ಟರ್ ಡೀಸೆಲ್, ಫೋಕ್ಸ್‌ವ್ಯಾಗನ್ 1.5 ಡೀಸೆಲ್ ತರದ್ದರಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ಓಡಿಸತ್ತೆ, ಪಂಪ್ ಜಾಮ್ ಆದ್ರೆ ಹಲ್ಲೆಲ್ಲ ಕಿತ್ತು ಬರತ್ತೆ. ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಸೋರಿ ಆಯಿಲ್ ಬಿದ್ದಿದ್ರೆ ರಬ್ಬರ್ ಮೆತ್ತಗಾಗಿರತ್ತೆ. ಇನ್ನೊಂದು, ಡಸ್ಟರಿನ 1.5 ಡೀಸೆಲ್ಲಲ್ಲಿ ಕಾಣೋದು: ಹೊರಗಿನ ಫ್ಯಾನ್ ಬೆಲ್ಟ್ ನಾರು ನಾರಾಗಿ ಬಿಚ್ಕೊಂಡು ಕ್ರ್ಯಾಂಕ್ ಪುಲ್ಲಿ ಹಿಂದಿಂದ ಕವರ್ ಒಳಗೆ ನುಗ್ಗಿ ಟೈಮಿಂಗ್ ಬೆಲ್ಟಿನ ಕೆಳಗೆ ಸಿಕ್ಕಾಕ್ಕೊಳ್ಳತ್ತೆ, ಬೆಲ್ಟ್ ಹಲ್ಲು ಹಾರತ್ತೆ. ಚಿಕ್ಕ ಸಾಮಾನು ಉಳಿಸೋಕೆ ಹೋಗಿ ಇಂಜಿನ್ ಹೋಗೋದು ಅಂದ್ರೆ ಇದೇ. ಆಮೇಲೆ ಕ್ರ್ಯಾಂಕಿನ ಗೇರನ್ನ ಅಲ್ಲಾಡದಂತೆ ಹಿಡಿಯೋ ಲೋಹದ ಕೀ ಅಥವಾ ಅದು ಕೂರೋ ತೋಡು ಸವೆದಿದ್ಯಾ ನೋಡಿ, ಅದು ಸವೆದಿದ್ರೆ ಎಷ್ಟು ಸಲ ಮಾರ್ಕ್ ಕೂರ್ಸಿದ್ರೂ ಟೈಮಿಂಗ್ ಔಟೇ.

ಇತ್ತೀಚೆಗಷ್ಟೇ ಬೆಲ್ಟ್ ಬದಲಾಯಿಸಿದ್ದು ಅಂತಾದ್ರೆ ಕಿತ್ತ ತುಂಡು, ಟೆನ್ಷನರ್ ಎಲ್ಲಾ ಕವರಲ್ಲಿ ಹಾಕಿ ಇಟ್ಕೊಳ್ಳಿ, ಬಿಚ್ಚೋ ಮುಂಚೆ ಫೋಟೋ ತೆಗೀರಿ, ವಾರಂಟಿ ಕೇಳೋಕೆ ಅದೇ ಆಧಾರ. ಮಾಮೂಲಿ ಇನ್ಶೂರೆನ್ಸಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಕವರ್ ಆಗಲ್ಲ, ಅದರ ಮೇಲೆ ಆಸೆ ಇಟ್ಕೋಬೇಡಿ.

ಹೆಡ್ ಇಳಿಸದೆ ವಾಲ್ವ್ ನೋಡೋ ದಾರಿ

ಇಲ್ಲೇ ನಿಧಾನ ಬೇಕು. ಬೆಲ್ಟ್ ಇಲ್ಲದಾಗ ಕಂಪ್ರೆಷನ್ ಗೇಜ್ ಹಾಕಿ ನೋಡೋದು ವ್ಯರ್ಥ, ಕ್ಯಾಮ್ ತಿರುಗದೆ ವಾಲ್ವ್ ತೆರೆದು ಮುಚ್ಚದೆ ಯಾವ ರೀಡಿಂಗಿಗೂ ಬೆಲೆ ಇಲ್ಲ. "ಕಂಪ್ರೆಷನ್ ಸೊನ್ನೆ ಬಂತು, ವಾಲ್ವ್ ಹೋಗಿದೆ" ಅಂತ ಬೆಲ್ಟ್ ಹಾಕದೆ ಯಾರಾದ್ರೂ ಹೇಳಿದ್ರೆ ನಯವಾಗಿ ಕೇಳಿ, "ಅಣ್ಣ, ಕ್ಯಾಮ್ ತಿರುಗದೆ ಕಂಪ್ರೆಷನ್ ಹೆಂಗೆ ಬರತ್ತೆ?"

ಬೆಲ್ಟ್ ಹಾಕದೇನೂ ಮಾಡ್ಬಹುದಾದ ಟೆಸ್ಟ್ ಗಾಳಿ ಟೆಸ್ಟು. ನಾಲ್ಕು ಸಿಲಿಂಡರ್ ಇಂಜಿನ್ ಅಂತ ಇಟ್ಕೊಳ್ಳಿ. ಪ್ಲಗ್ ನಾಲ್ಕೂ ಬಿಚ್ಚಿ, ಡೀಸೆಲ್ ಆದ್ರೆ ಗ್ಲೋ ಪ್ಲಗ್ಗು. ಪ್ಲಗ್ ತೂತಿಗೆ ಉದ್ದನೆ ಸ್ಟ್ರಾನೋ ಪ್ಲಾಸ್ಟಿಕ್ ಕಡ್ಡಿನೋ ಬಿಟ್ಟು ಪಿಸ್ಟನ್ ಎತ್ತರ ನೋಡ್ತಾ ಕ್ರ್ಯಾಂಕ್ ತಿರುಗಿಸಿ, ನಾಲ್ಕೂ ಪಿಸ್ಟನ್ ಒಂದೇ ಎತ್ತರಕ್ಕೆ, ಅರ್ಧದಲ್ಲಿ ಬರೋ ಜಾಗ ಒಂದಿದೆ, ಟಿಡಿಸಿಯಿಂದ, ಅಂದ್ರೆ ಪಿಸ್ಟನ್ ಪೂರ್ತಿ ಮೇಲೆ ಬಂದಿರೋ ಜಾಗದಿಂದ, 90 ಡಿಗ್ರಿ. ಅಲ್ಲಿ ಯಾವ ವಾಲ್ವೂ ಯಾವ ಪಿಸ್ಟನ್ನಿಗೂ ತಾಗಲ್ಲ, ಕ್ಯಾಮನ್ನ ಬೇಕಾದಷ್ಟು ತಿರುಗಿಸ್ಬಹುದು. ಮೂರು ಸಿಲಿಂಡರ್ ಇಂಜಿನ್ನಿಗೆ ಈ ಲೆಕ್ಕ ನಡೆಯಲ್ಲ, ಅದಕ್ಕೆ ಕ್ರ್ಯಾಂಕ್ ಎಷ್ಟು ಹಿಂದಿಡ್ಬೇಕು ಅಂತ ಆ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನುವಲ್ ನೋಡ್ಲೇಬೇಕು.

ಈಗ ವಾಲ್ವ್ ಕವರ್ ಬಿಚ್ಚಿ, ಒಂದನೇ ಸಿಲಿಂಡರಿನ ಕ್ಯಾಮ್ ಉಬ್ಬುಗಳು ವಾಲ್ವ್ ಒತ್ತದ ಹಾಗೆ ಕ್ಯಾಮ್ ತಿರುಗಿಸಿ, ಆ ಸಿಲಿಂಡರಿನ ವಾಲ್ವೆಲ್ಲ ಮುಚ್ಚಿರ್ಬೇಕು. ಕಂಪ್ರೆಷನ್ ಗೇಜಿನ ಪೈಪ್ ತುದೀಲಿ ಟಯರ್ ಟ್ಯೂಬಿಗಿರೋ ತರದ್ದೇ ಪಿನ್ ಇರತ್ತೆ, ಅದನ್ನ ಬಿಚ್ಚಿದ್ರೆ ಅದೇ ಪೈಪು ಗಾಳಿ ಬಿಡೋಕೆ ಆಗತ್ತೆ. ಕಾರನ್ನ ಟಾಪ್ ಗೇರಿಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೀರಿ, ಚಕ್ರಕ್ಕೆ ಕಲ್ಲಿಡಿ, ಕ್ರ್ಯಾಂಕ್ ಬೋಲ್ಟಿನ ಮೇಲೆ ಸಾಕೆಟ್ ರಾಡ್ ಬಿಟ್ಟಿರಬೇಡಿ, ಗಾಳಿ ಪಿಸ್ಟನ್ನನ್ನ ತಳ್ಳಿದಾಗ ಆ ರಾಡ್ ತಿರುಗಿ ಕೈಗೋ ಮುಖಕ್ಕೋ ಬಡಿಯತ್ತೆ. 30ರಿಂದ 40 ಪಿಎಸ್‌ಐ ಸಾಕು, ಪಂಕ್ಚರ್ ಅಂಗಡಿ ಕಂಪ್ರೆಸರಲ್ಲೇ ಆಗತ್ತೆ. ಬಗ್ಗಿರೋ ವಾಲ್ವ್ ಸಣ್ಣಗೆ ಸೋರಲ್ಲ, ಭುಸ್ ಅಂತ ಬಿಡತ್ತೆ.

ಗಾಳಿ ಎಲ್ಲಿಂದ ಬರ್ತಿದೆ ಅಂತ ಕೇಳೋದೇ ಟೆಸ್ಟು. ಏರ್ ಫಿಲ್ಟರ್ ಪೈಪಲ್ಲಿ ಕೇಳಿದ್ರೆ ಇನ್‌ಟೇಕ್ ವಾಲ್ವ್ ಬಗ್ಗಿದೆ. ಸೈಲೆನ್ಸರಲ್ಲಿ ಕೇಳಿದ್ರೆ ಎಕ್ಸಾಸ್ಟ್. ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದ್ರೆ ರಿಂಗು ಅಥವಾ ಪಿಸ್ಟನ್ನೇ ತೂತು, ಅಲ್ಲಿ ಸ್ವಲ್ಪ ಬರೋದು ಮಾಮೂಲಿ. ರೇಡಿಯೇಟರಲ್ಲಿ ಗುಳ್ಳೆ ಎದ್ರೆ ಗ್ಯಾಸ್ಕೆಟ್. ಹಿಂಗೆ ಒಂದೊಂದೇ ಸಿಲಿಂಡರ್ ಮಾಡಿ ಬರ್ಕೊಳ್ಳಿ. ಒಂದರಲ್ಲಿ ವಾಲ್ವ್ ಸೋರಿದ್ರೂ ಹೆಡ್ ಇಳಿಸ್ಲೇಬೇಕು, ಹೊಸ ಬೆಲ್ಟಿಗೆ ದುಡ್ಡು ಹಾಕೋ ಮುಂಚೆನೇ ಅದು ಗೊತ್ತಾಯ್ತು. ಹಳೇ ಗಾಡಿ ವಾಲ್ವಿನ ಮೇಲೆ ಕಾರ್ಬನ್ ಕೂತು ಸಣ್ಣಗೆ ಸೋರೋದಕ್ಕೂ ಬೆಂಡಾಗಿ ಸೋರೋದಕ್ಕೂ ವ್ಯತ್ಯಾಸ ಕಿವಿಗೇ ಗೊತ್ತಾಗತ್ತೆ.

ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ಮಧ್ಯೆ ಬಿಡೋ ಸಣ್ಣ ಸಂದು) ಕೈಯಲ್ಲಿ ಸೆಟ್ ಮಾಡೋ ಇಂಜಿನ್ ಆದ್ರೆ ಇನ್ನೊಂದು ಸುಲಭದ ದಾರಿ ಇದೆ. ಬಗ್ಗಿದ ವಾಲ್ವ್ ಪೂರ್ತಿ ಮೇಲೆ ಬಂದು ಕೂರಲ್ಲ, ಹಾಗಾಗಿ ಅದರ ಗ್ಯಾಪ್ ಉಳಿದವಕ್ಕಿಂತ ಎಷ್ಟೋ ಜಾಸ್ತಿ ಇರತ್ತೆ, ಫೀಲರ್ ಗೇಜ್ ಹಾಕೋದೂ ಬೇಡ, ರಾಕರ್ ಕೈಯಲ್ಲಿ ಅಲ್ಲಾಡಿಸಿದ್ರೆ ಲಟಲಟ ಅನ್ನತ್ತೆ. ಕೆಲವು ಡೀಸೆಲ್ಲಲ್ಲಿ ವಾಲ್ವ್ ಬದ್ಲು ರಾಕರ್ ಆರ್ಮೇ ಮುರಿಯತ್ತೆ, ವಾಲ್ವ್ ಕವರ್ ತೆಗೆದಾಗ ಅದೂ ಕಾಣತ್ತೆ.

ಫೋನಿಗೆ ಸಿಕ್ಕಿಸೋ ಎಂಡೋಸ್ಕೋಪ್ ಕ್ಯಾಮೆರಾ ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗತ್ತೆ, ಪ್ಲಗ್ ತೂತಿಂದ ಬಿಟ್ಟು ಪಿಸ್ಟನ್ ತಲೆ ನೋಡಿ. ಕಪ್ಪು ಕಾರ್ಬನ್ ಮೇಲೆ ಹೊಳೆಯೋ ಅರ್ಧಚಂದ್ರದ ಗುರುತು ಕಂಡ್ರೆ ವಾಲ್ವ್ ಬಡಿದಿದೆ. ಗುರುತು ಕಾಣ್ಲಿಲ್ಲ ಅಂದ ಮಾತ್ರಕ್ಕೆ ಬಡಿದಿಲ್ಲ ಅಂತಲ್ಲ, ಕ್ಯಾಮೆರಾಗೆ ಎಲ್ಲಾ ಮೂಲೆನೂ ಸಿಗಲ್ಲ, ಆದ್ರಿಂದ ಕೊನೇ ತೀರ್ಪು ಗಾಳಿ ಟೆಸ್ಟಿಗೇ ಬಿಡಿ.

ಗಾಳಿ ಟೆಸ್ಟ್ ಪಾಸಾಯ್ತು, ಈಗ ಬೆಲ್ಟ್

ಪಿಸ್ಟನ್ ಅರ್ಧದಲ್ಲಿರೋವಾಗ್ಲೇ ಕ್ಯಾಮನ್ನ ಅದರ ಮಾರ್ಕಿಗೆ ತನ್ನಿ, ಆಮೇಲೆ ಕ್ರ್ಯಾಂಕನ್ನ ಹತ್ತಿರದ ದಾರೀಲಿ ಒಂದನೇ ಪಿಸ್ಟನ್ನಿನ ಟಿಡಿಸಿ ಮಾರ್ಕಿಗೆ ತನ್ನಿ, ಈ ಆರ್ಡರ್ ಉಲ್ಟಾ ಮಾಡ್ಬೇಡಿ. ಮಾರ್ಕ್ ನೋಡೋದು ಕ್ರ್ಯಾಂಕಿನ ಗೇರಿನ ಮೇಲೆ, ಹೊರಗಿನ ಪುಲ್ಲಿ ಮೇಲಲ್ಲ. ಹಳೇ ಪುಲ್ಲಿಗಳಲ್ಲಿ ಮಧ್ಯದ ರಬ್ಬರ್ ಜಾರಿ ಹೊರಗಿನ ಬಳೆ ತಿರುಗಿರತ್ತೆ, ಮಾರ್ಕ್ ಎಲ್ಲೋ ಇರತ್ತೆ. ಡಸ್ಟರ್, ಪೋಲೋ ಡೀಸೆಲ್ ತರದ್ದಕ್ಕೆ ಕ್ಯಾಮ್ ಕ್ರ್ಯಾಂಕ್ ಎರಡಕ್ಕೂ ಲಾಕಿಂಗ್ ಪಿನ್ ಸೆಟ್ ಬೇಕು, ವೈಟ್ನರಲ್ಲಿ ಗೀಟು ಹಾಕಿ ಅಂದಾಜಲ್ಲಿ ಕೂರಿಸೋವ್ರ ಹತ್ರ ಗಾಡಿ ಬಿಡಬೇಡಿ. ಮೊದಲು ಟೆನ್ಷನರ್ ಇಲ್ಲದ ಕಡೆ ಬಿಗಿ ಇಟ್ಕೊಂಡು, ಟೆನ್ಷನರ್ ಕಡೆ ಸಡಿಲ ಬಿಟ್ಟು ಬೆಲ್ಟ್ ಏರ್ಸಿ, ಟೆನ್ಷನ್ ಕೊಟ್ಟು, ಕೈಯಲ್ಲಿ ಕ್ರ್ಯಾಂಕನ್ನ ಪೂರ್ತಿ ಎರಡು ಸುತ್ತು ತಿರುಗಿಸಿ ಮತ್ತೆ ಮಾರ್ಕ್ ನೋಡಿ. ಒಂದು ಹಲ್ಲು ಆಚೀಚೆ ಆಗಿದ್ರೆ ಬಿಚ್ಚಿ ಮತ್ತೆ ಹಾಕಿ. ಎರಡು ಸುತ್ತಲ್ಲಿ ಎಲ್ಲಾದ್ರೂ ಗಕ್ಕಂತ ನಿಂತ್ರೆ ಸೆಲ್ಫ್ ಹೊಡೆಯೋ ಮಾತೇ ಇಲ್ಲ.

ಈಗ ಕಂಪ್ರೆಷನ್ ಗೇಜಿಗೆ ಅರ್ಥ ಬಂತು. ಪ್ಲಗ್ ಎಲ್ಲಾ ಹೊರಗಿರ್ಲಿ, ಇಂಜೆಕ್ಟರ್ ಮತ್ತೆ ಕಾಯಿಲ್ ಕನೆಕ್ಷನ್ ತೆಗೆದಿರ್ಲಿ, ಬ್ಯಾಟರಿ ಫುಲ್ ಚಾರ್ಜ್ ಇರ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ತಿಣುಕು ಬರೋವರೆಗೂ ಸೆಲ್ಫ್ ಹೊಡೀರಿ. ಪೆಟ್ರೋಲಲ್ಲಿ ಸುಮಾರು 150ರಿಂದ 190 ಪಿಎಸ್‌ಐ, ಡೀಸೆಲ್ಲಲ್ಲಿ 350ರಿಂದ 450 ಬಂದ್ರೆ ಖುಷಿ ಪಡ್ಬಹುದು, ನಿಮ್ಮ ಇಂಜಿನ್ನಿನ ಸರಿಯಾದ ನಂಬರ್ ಮ್ಯಾನುವಲಲ್ಲಿರತ್ತೆ. ಪೆಟ್ರೋಲ್ ಗೇಜ್ ಡೀಸೆಲ್ಲಿಗೆ ಹಾಕ್ಬೇಡಿ, ಗೇಜೇ ಹೋಗತ್ತೆ. ನಂಬರಿಗಿಂತ ಸಿಲಿಂಡರ್ ಸಿಲಿಂಡರಿನ ಮಧ್ಯೆ ಎಷ್ಟು ವ್ಯತ್ಯಾಸ ಅನ್ನೋದೇ ಮುಖ್ಯ. ಒಂದು ಮಾತ್ರ ಸೊನ್ನೆ ಅಥವಾ 40-50 ಅಂದ್ರೆ ಅಲ್ಲಿ ವಾಲ್ವ್. ನಾಲ್ಕೂ ಒಂದೇ ತರ ಕಡಿಮೆ ಅಂದ್ರೆ ವಾಲ್ವಿಗಿಂತ ಮೊದಲು ಟೈಮಿಂಗ್ ಹಲ್ಲು ತಪ್ಪಿದ್ಯಾ ನೋಡಿ. ಕಡಿಮೆ ಇರೋ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ರಿಂಗು, ಏರದಿದ್ರೆ ವಾಲ್ವು. ಆಯಿಲ್ ಬಿಡೋ ಈ ಟ್ರಿಕ್ ಪೆಟ್ರೋಲಿಗೆ ಮಾತ್ರ. ಡೀಸೆಲ್ಲಲ್ಲಿ ಪಿಸ್ಟನ್ ಮೇಲಿನ ಜಾಗ ಚಿಕ್ಕದು, ಆಯಿಲ್ ಅದನ್ನ ತುಂಬಿ ರೀಡಿಂಗ್ ಕೆಡಿಸತ್ತೆ.

ಕಂಪ್ರೆಷನ್ ಇದೆ, ಆದ್ರೂ ಸ್ಟಾರ್ಟ್ ಆಗ್ತಿಲ್ಲ

ಈ ಹಂತಕ್ಕೆ ಬಂದಿದ್ರೆ ಇಂಜಿನ್ ಉಳೀತು ಅಂತ ಲೆಕ್ಕ, ಇನ್ನು ಉಳಿದಿದ್ದು ಹೊರಗಿನ ತೊಂದರೆ. ಕಿತ್ತ ಬೆಲ್ಟ್ ಕವರ್ ಒಳಗೆ ಚಾಟಿ ತರ ಬೀಸಿರತ್ತೆ, ಕ್ರ್ಯಾಂಕ್ ಸೆನ್ಸರೋ ಅದರ ವೈರೋ ಕತ್ತರಿಸಿ ಹೋಗಿರತ್ತೆ. ಸೆಲ್ಫ್ ಹೊಡೆಯೋವಾಗ ಆರ್‌ಪಿಎಂ ಮುಳ್ಳು ಒಂಚೂರೂ ಅಲ್ಲಾಡ್ಲಿಲ್ಲ, ಸ್ಕ್ಯಾನರಲ್ಲೂ ಆರ್‌ಪಿಎಂ ಸೊನ್ನೆ, ಪಿ 0335 ಬಂದಿದೆ ಅಂದ್ರೆ ಅಲ್ಲಿ ನೋಡಿ. ಕಿತ್ತ ಫ್ಯೂಸ್ ವಾಪಸ್ ಹಾಕಿದ್ರಾ, ಇಂಜೆಕ್ಟರ್ ಕನೆಕ್ಟರ್ ಎಲ್ಲಾ ಕೂತಿದ್ಯಾ, ಇದು ಪೆದ್ದು ಪ್ರಶ್ನೆ ಅನ್ಸಿದ್ರೂ ಮೊದಲು ಇದನ್ನೇ ನೋಡಿ. ರೋಡಲ್ಲಿ ಬಹಳ ಸೆಲ್ಫ್ ಹೊಡೆದಿದ್ರೆ ಪ್ಲಗ್ ಪೆಟ್ರೋಲಲ್ಲಿ ಒದ್ದೆ ಆಗಿರತ್ತೆ, ಒಣಗಿಸಿ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ಕೊಂಡು ಸೆಲ್ಫ್ ಹೊಡೀರಿ, ಬಹುಪಾಲು ಇಂಜೆಕ್ಷನ್ ಕಾರುಗಳಲ್ಲಿ ಹಂಗೆ ಮಾಡಿದ್ರೆ ಪೆಟ್ರೋಲ್ ನಿಂತು ಬರೀ ಗಾಳಿ ಹೋಗತ್ತೆ. ಡೀಸೆಲ್ಲಲ್ಲಿ ಲೈನಿಗೆ ಗಾಳಿ ಸೇರಿರ್ಬಹುದು, ಫ್ಯೂಯಲ್ ಪೈಪಲ್ಲಿ ಕೈಯಲ್ಲಿ ಹಿಸುಕೋ ಬಲ್ಬ್ ಇದ್ರೆ ಗಟ್ಟಿ ಆಗೋವರೆಗೂ ಹಿಸುಕಿ. ಡಿಸ್ಟ್ರಿಬ್ಯೂಟರ್ ಇರೋ ಹಳೇ ಕಾರು ಆದ್ರೆ, ಬಿಚ್ಚಿ ಹಾಕೋವಾಗ ರೋಟರ್ 180 ಡಿಗ್ರಿ ಉಲ್ಟಾ ಕೂತಿದ್ಯಾ, ವೈರ್ ಸರಿಯಾದ ಆರ್ಡರಲ್ಲಿ (ನಾಲ್ಕು ಸಿಲಿಂಡರಿಗೆ ಸಾಮಾನ್ಯವಾಗಿ 1-3-4-2) ಇದ್ಯಾ ನೋಡಿ, ಬ್ಯಾಕ್‌ಫೈರ್ ಹೊಡೀತಿದ್ರೆ ಅನುಮಾನನೇ ಬೇಡ.

ಹೆಡ್ ಇಳಿಸ್ಲೇಬೇಕು ಅಂತಾದ್ರೆ

ಕೊಟೇಶನ್ ಕೇಳೋವಾಗ "ವಾಲ್ವ್ ಎಷ್ಟು" ಅಂತ ಮಾತ್ರ ಕೇಳ್ಬೇಡಿ. ಹೆಡ್ ಲೇತಿಗೆ ಹೋಗಿ ಪ್ರೆಶರ್ ಟೆಸ್ಟ್ ಆಗತ್ತಾ, ಮಟ್ಟ ನೋಡ್ತಾರಾ, ಗೈಡ್ ಬಿರುಕು ಬಿಟ್ಟಿದ್ಯಾ ನೋಡ್ತಾರಾ, ಹೆಡ್ ಬೋಲ್ಟ್ ಹೊಸದು ಹಾಕ್ತಾರಾ, ಡೀಸೆಲ್ಲಾದ್ರೆ ಗ್ಯಾಸ್ಕೆಟ್ ದಪ್ಪ ಅಳತೆ ನೋಡಿ ತರ್ತಾರಾ, ಕನೆಕ್ಟಿಂಗ್ ರಾಡ್ ಬಗ್ಗಿಲ್ಲ ಅಂತ ನಾಲ್ಕೂ ಪಿಸ್ಟನ್ ಎತ್ತರ ಡಯಲ್ ಗೇಜಲ್ಲಿ ನೋಡ್ತಾರಾ, ಇವನ್ನ ಕೇಳಿ. ಕೊನೇದನ್ನ ಬಹಳ ಗ್ಯಾರೇಜಲ್ಲಿ ನೋಡಲ್ಲ, ರಾಡ್ ಬಗ್ಗಿರೋ ಇಂಜಿನ್ನಿಗೆ ಹೊಸ ವಾಲ್ವ್ ಹಾಕಿ ಕೊಟ್ರೆ ಓಡತ್ತೆ, ಆದ್ರೆ ಬಹಳ ದಿನ ಓಡಲ್ಲ. ಬಗ್ಗಿದ್ದು ಎರಡೇ ವಾಲ್ವ್ ಆದ್ರೂ ಉಳಿದವನ್ನ ಲೇತಲ್ಲಿ ತಿರುಗಿಸಿ ನೋಡ್ಲಿ, ಕಣ್ಣಿಗೆ ಕಾಣದಷ್ಟು ಬಗ್ಗಿರೋದೂ ಸೋರತ್ತೆ.

ಬೆಂಗಳೂರಲ್ಲಿರೋವ್ರು ಸಾಮಾನು ತರೋಕೆ ಜೆಸಿ ರೋಡಿಗೆ ಹೋದ್ರೆ ಕಿಟ್ಟಾಗೇ ಕೇಳಿ, ಬೆಲ್ಟು ಟೆನ್ಷನರ್ ಐಡ್ಲರ್ ಒಟ್ಟಿಗೆ, ಪಂಪ್ ಇದೇ ಬೆಲ್ಟಲ್ಲಿ ಓಡೋದಾದ್ರೆ ಪಂಪೂ. ಹಳೇ ಹೆಡ್ಡೇ ಸಿಗತ್ತೆ ಅಂತ ಶಿವಾಜಿನಗರದ ಕಡೆ ಹುಡುಕೋವ್ರೂ ಇದ್ದಾರೆ, ಅಪರೂಪದ ಗಾಡಿಗೆ ಸರಿ, ಆದ್ರೆ ತಂದ ಹೆಡ್ಡನ್ನೂ ಲೇತಲ್ಲಿ ಟೆಸ್ಟ್ ಮಾಡಿಸಿನೇ ಕೂರ್ಸಿ. ಸೆಕೆಂಡ್ ಹ್ಯಾಂಡ್ ಬೆಲ್ಟ್, ಸೆಕೆಂಡ್ ಹ್ಯಾಂಡ್ ಟೆನ್ಷನರ್ ಮಾತ್ರ ಯಾರು ಫ್ರೀ ಕೊಟ್ರೂ ಬೇಡ.

ಎಲ್ಲಾ ಕೂತ್ಮೇಲೆ ಮೊದಲ ಸ್ಟಾರ್ಟಿಗೆ ಅವಸರ ಬೇಡ. ಹೊಸ ಆಯಿಲ್ ಫಿಲ್ಟರ್ ಹಾಕಿ, ಕೂಲಂಟ್ ತುಂಬಿ, ಇಂಜೆಕ್ಟರ್ ಕನೆಕ್ಷನ್ ತೆಗೆದಿಟ್ಟು ಆಯಿಲ್ ಲೈಟು ಆರೋವರೆಗೂ ತುಂಡು ತುಂಡಾಗಿ ಸೆಲ್ಫ್ ಹೊಡೀರಿ, ಆಮೇಲೆ ಕನೆಕ್ಷನ್ ಕೊಟ್ಟು ಸ್ಟಾರ್ಟ್ ಮಾಡಿ. ಮೊದಲ ಕೆಲವು ಸೆಕೆಂಡ್ ಟ್ಯಾಪೆಟ್ ಟಕಟಕ ಅಂದ್ರೆ ಗಾಬರಿ ಬೇಡ, ಒಂದು ನಿಮಿಷ ಆದ್ರೂ ಅದೇ ಸದ್ದು ಇದ್ರೆ ಆಫ್ ಮಾಡಿ. ರೇಸ್ ಮಾಡದೆ ಐಡ್ಲಲ್ಲೇ ಬಿಟ್ಟು ರೇಡಿಯೇಟರ್ ಫ್ಯಾನ್ ಒಂದು ಸಲ ಹತ್ಕೊಂಡು ಆಫ್ ಆಗೋವರೆಗೂ ಕಾಯಿರಿ, ಪೂರ್ತಿ ತಣ್ಣಗಾದ್ಮೇಲೆ ಕೂಲಂಟ್ ಮಟ್ಟ ಮತ್ತೆ ನೋಡಿ, ಒಳಗಿದ್ದ ಗಾಳಿ ಹೊರಗೆ ಬಂದು ಮಟ್ಟ ಇಳಿದಿರತ್ತೆ, ಅಷ್ಟು ಹಾಕಿ ತುಂಬಿಸಿ.